ಕತ್ತಲ ಕಾಡಿನಲ್ಲಿ ಒಂಟಿ ಸೈಕಲ್: ಭಯದ ಜೊತೆ ನಿಲ್ಲುವುದನ್ನು ಕಲಿತ ಬಗೆ

ರಾತ್ರಿಯ ಹೊತ್ತು ಕಾಡುದಾರಿಯಲ್ಲಿ ಒಂಟಿಯಾಗಿ ಮೌಂಟನ್ ಬೈಕ್ (ಗುಡ್ಡಗಾಡಿನ ದಾರಿಗೆಂದು ಮಾಡಿದ ಸೈಕಲ್) ಓಡಿಸುತ್ತೇನೆ ಎಂದರೆ ಜನ ಮೊದಲು ಕೇಳುವುದು ಒಂದೇ ಪ್ರಶ್ನೆ: ಹೆದರಿಕೆಯಾಗುವುದಿಲ್ಲವೇ? ಆಗುತ್ತದೆ, ಈಗಲೂ ಆಗುತ್ತದೆ. ಆದರೆ ಮೊದಮೊದಲು ಮೈಯನ್ನೆಲ್ಲ ಆವರಿಸಿ, ಹ್ಯಾಂಡಲ್ ಹಿಡಿದ ಕೈಯನ್ನೇ ಮರಗಟ್ಟಿಸುತ್ತಿದ್ದ ಆ ಭಯಕ್ಕೂ, ಈಗ ಬಂದು ಸ್ವಲ್ಪ ಹೊತ್ತಿದ್ದು ಹೋಗುವ ಭಯಕ್ಕೂ ಅಜಗಜಾಂತರವಿದೆ. ಆ ಬದಲಾವಣೆ ಹೇಗೆ ಬಂತು ಎಂಬುದನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಇನ್ನೂ ಪ್ರಖರವಾದ ದೀಪ ಕೊಂಡುಕೋ, ಕಿವಿಗೆ ಹಾಡು ಹಾಕಿಕೋ, ವೇಗವಾಗಿ ಓಡಿಸಿ ಬೇಗ ಮುಗಿಸು ಎಂಬಂಥ ಸಲಹೆಗಳು ನನಗೆ ಸಾಕಷ್ಟು ಸಿಕ್ಕಿದ್ದವು. ನನ್ನ ಭಯವನ್ನು ಇಳಿಸಿದ್ದು ಇವುಗಳಲ್ಲಿ ಯಾವುದೂ ಅಲ್ಲ. ದಾರಿಯ ನಡುವೆ ಸೈಕಲ್ ನಿಲ್ಲಿಸಿ, ದೀಪ ಆರಿಸಿ, ಭಯ ತಾನಾಗಿ ಇಳಿಯುವವರೆಗೆ ಅಲ್ಲಿಯೇ ನಿಂತುಕೊಳ್ಳುವುದನ್ನು ರೂಢಿಸಿಕೊಂಡದ್ದರಿಂದ ಅದು ಇಳಿಯಿತು.

ಆ ವಿಷಯಕ್ಕೆ ಬರುವ ಮೊದಲು ಒಂದು ವಿಂಗಡಣೆ ಅಗತ್ಯ. ರಾತ್ರಿಯ ಕಾಡಿನಲ್ಲಿ ನಮ್ಮನ್ನು ಹಿಡಿಯುವುದು ಒಂದು ಭಯವಲ್ಲ, ಹೆಣೆದುಕೊಂಡ ಎರಡು ಭಯಗಳು. ಒಂದು ಲೆಕ್ಕಕ್ಕೆ ಸಿಗುವ ಭಯ: ಬೇರಿಗೆ ಚಕ್ರ ಸಿಕ್ಕಿ ಬೀಳುವುದು, ದೀಪ ಕೈಕೊಡುವುದು, ದಾರಿ ತಪ್ಪುವುದು, ಮೂಳೆ ಮುರಿದುಕೊಂಡು ಫೋನಿಗೆ ಸಿಗ್ನಲ್ ಇಲ್ಲದ ಕಣಿವೆಯಲ್ಲಿ ಬೆಳಗಿನವರೆಗೆ ಬಿದ್ದಿರುವುದು. ಇನ್ನೊಂದು ಲೆಕ್ಕಕ್ಕೆ ಸಿಗದ ಭಯ: ಬೆನ್ನ ಹಿಂದೆ ಏನೋ ಇದೆ, ಮರಗಳ ನಡುವಿನಿಂದ ಯಾರೋ ನೋಡುತ್ತಿದ್ದಾರೆ ಎಂಬ ಭಾವನೆ. ಈ ಎರಡನ್ನೂ ಒಂದೇ ಎಂದುಕೊಂಡು ಒಂದೇ ಮದ್ದು ಕೊಡಲು ಹೊರಟರೆ ಯಾವುದೂ ವಾಸಿಯಾಗುವುದಿಲ್ಲ. ಮೊದಲನೆಯದನ್ನು ಗೆಲ್ಲಬೇಕಾಗಿಯೇ ಇಲ್ಲ, ಅದರ ಮಾತನ್ನು ಕೇಳಬೇಕು. ಎರಡನೆಯದಕ್ಕೆ ಎಷ್ಟೇ ಸಿದ್ಧತೆ ಮಾಡಿಕೊಂಡರೂ ತೃಪ್ತಿಯಿಲ್ಲ.

ಮೊದಲನೆಯದರ ಬಗ್ಗೆ ಕೆಲವು ಮಾತು. ಗಂಟೆಗೆ 20 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು ಐದೂವರೆ ಮೀಟರ್. ದಾರಿಗೆ ಅಡ್ಡ ಬಿದ್ದ ಕೊಂಬೆಯನ್ನು ಕಣ್ಣು ಕಂಡು, ಅದು ಕೊಂಬೆಯೆಂದು ಮನಸ್ಸು ಗುರುತಿಸಿ, ಬೆರಳು ಬ್ರೇಕ್ ಒತ್ತುವಷ್ಟರಲ್ಲಿ ಒಂದು ಸೆಕೆಂಡಾದರೂ ಕಳೆದಿರುತ್ತದೆ, ಕತ್ತಲಲ್ಲಿ ಅದಕ್ಕಿಂತ ಹೆಚ್ಚೇ ಹಿಡಿಯಬಹುದು. ಅದರ ಮೇಲೆ ಸಡಿಲ ಮಣ್ಣು, ಒದ್ದೆ ಎಲೆ, ಇಳಿಜಾರು. ಆದ್ದರಿಂದ ದೀಪದ ಬೆಳಕು ಸ್ಪಷ್ಟವಾಗಿ ತೋರಿಸುವಷ್ಟು ದೂರದೊಳಗೆ ನಿಲ್ಲಲು ಆಗದ ವೇಗದಲ್ಲಿ ಓಡಿಸಿದರೆ, ನಾವು ಕಾಣದ ನೆಲದ ಮೇಲೆ ನಂಬಿಕೆಯಿಂದ ಓಡಿಸುತ್ತಿದ್ದೇವೆ ಎಂದೇ ಅರ್ಥ. ರಾತ್ರಿ ಇಳಿಜಾರಿನಲ್ಲಿ ಹೊಟ್ಟೆಯೊಳಗೆ ಏಳುವ ತಳಮಳ ಬಹಳ ಸಲ ಇಷ್ಟನ್ನೇ ಹೇಳುತ್ತಿರುತ್ತದೆ. ಅದನ್ನು ಧೈರ್ಯದಿಂದ ಮೆಟ್ಟಿ ನಿಲ್ಲುವುದು ಧೈರ್ಯವಲ್ಲ. ವೇಗ ತಗ್ಗಿಸಿದರೆ ಅದು ತಾನೇ ಸುಮ್ಮನಾಗುತ್ತದೆ.

ದೀಪಗಳ ವಿಷಯದಲ್ಲಿ ಹೊಸಬರು ತಿಳಿದುಕೊಳ್ಳಬೇಕಾದದ್ದು ಲ್ಯುಮೆನ್‌ಗಳ (ದೀಪ ಬೀರುವ ಬೆಳಕಿನ ಅಳತೆ) ಸಂಖ್ಯೆಗಿಂತ ದೀಪವನ್ನು ಎಲ್ಲಿ ಕಟ್ಟುತ್ತೇವೆ ಎಂಬುದು. ಹೆಲ್ಮೆಟ್ಟಿನ ಮೇಲಿನ ದೀಪ ಕಣ್ಣಿಗೆ ತೀರ ಹತ್ತಿರದಲ್ಲಿರುವುದರಿಂದ ಅದು ಉಂಟುಮಾಡುವ ನೆರಳುಗಳೆಲ್ಲ ವಸ್ತುಗಳ ಹಿಂದೆಯೇ ಅಡಗಿಕೊಳ್ಳುತ್ತವೆ. ಹೀಗಾಗಿ ಗುಂಡಿಯೂ ಉಬ್ಬೂ ಒಂದೇ ಮಟ್ಟದಲ್ಲಿರುವಂತೆ, ನೆಲವೆಲ್ಲ ಚಪ್ಪಟೆಯಾದಂತೆ ಕಾಣುತ್ತದೆ. ಹ್ಯಾಂಡಲ್ ಮೇಲಿನ ದೀಪ ಕಣ್ಣಿಗಿಂತ ಕೆಳಗಿರುವುದರಿಂದ ಕಲ್ಲಿನ ಹಿಂದೆ, ಬೇರಿನ ಹಿಂದೆ ಉದ್ದನೆಯ ನೆರಳು ಬಿದ್ದು ನೆಲದ ಏರುತಗ್ಗು ಎದ್ದು ಕಾಣುತ್ತದೆ. ಆದರೆ ಅದು ಚಕ್ರ ತಿರುಗಿದ ಕಡೆಗಷ್ಟೇ ತಿರುಗುತ್ತದೆ, ಕಡಿದಾದ ತಿರುವಿನಲ್ಲಿ ನಾವು ಹೋಗಬೇಕಾದ ದಾರಿ ಕತ್ತಲಲ್ಲೇ ಉಳಿಯುತ್ತದೆ, ಅಲ್ಲಿ ತಲೆಯ ಮೇಲಿನ ದೀಪವೇ ಬೇಕು. ಎರಡೂ ಇರಬೇಕು ಎನ್ನುವುದಕ್ಕೆ ಇದು ಕಾರಣ. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಚಳಿಯಲ್ಲಿ ಲಿಥಿಯಂ ಬ್ಯಾಟರಿ ಬೇಗ ಸೋಲುತ್ತದೆ ಎಂಬುದನ್ನೂ ಲೆಕ್ಕದಲ್ಲಿಟ್ಟುಕೊಳ್ಳಬೇಕು. ಮಂಜು ಕವಿದಾಗ ತಲೆಯ ಮೇಲಿನ ದೀಪವನ್ನು ಆರಿಸಿಬಿಡುವುದೇ ಒಳ್ಳೆಯದು, ಅದರ ಬೆಳಕು ಮಂಜಿನ ಹನಿಗಳಿಗೆ ತಾಗಿ ನೇರ ಕಣ್ಣಿಗೇ ಮರಳುತ್ತದೆ.

ಉಳಿದ ಸಿದ್ಧತೆಗಳು ಎಲ್ಲರಿಗೂ ಗೊತ್ತಿರುವಂಥವು. ಹಗಲಿನಲ್ಲಿ ಚೆನ್ನಾಗಿ ಪಳಗಿದ ದಾರಿಯನ್ನು ಮಾತ್ರ ರಾತ್ರಿಗೆ ಆರಿಸಿಕೊಳ್ಳುವುದು, ಎಲ್ಲಿಗೆ ಹೋಗುತ್ತಿದ್ದೇನೆ ಮತ್ತು ಎಷ್ಟು ಗಂಟೆಗೆ ಮರಳದಿದ್ದರೆ ಹುಡುಕಬೇಕು ಎಂಬುದನ್ನು ಒಬ್ಬರಿಗೆ ಸ್ಪಷ್ಟವಾಗಿ ಹೇಳಿ ಹೊರಡುವುದು, ಟ್ಯೂಬು, ಪಂಪು, ಸೀಟಿ, ಬೆಚ್ಚನೆಯ ಅಂಗಿಯೊಂದನ್ನು ಚೀಲದಲ್ಲಿಟ್ಟುಕೊಳ್ಳುವುದು, ಸಿಗ್ನಲ್ ಇಲ್ಲದ ಕಡೆಗೆ ಹೋಗುವುದಾದರೆ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸಾಧನ ಒಯ್ಯುವುದು. ಇವುಗಳಿಗಿಂತ ಮುಖ್ಯವಾದ ಇನ್ನೊಂದು ಮಾತಿದೆ. ರಾತ್ರಿ ಪ್ರವೇಶ ನಿಷೇಧಿಸಿರುವ ಕಾಡಿಗೆ ಹೋಗಲೇಬಾರದು. ಮನುಷ್ಯರ ಮೇಲೆ ಎರಗಬಲ್ಲ ದೊಡ್ಡ ಪ್ರಾಣಿಗಳು ಓಡಾಡುವ ಕಾಡಿನಲ್ಲಿ, ಹೆಚ್ಚು ಸದ್ದಿಲ್ಲದೆ ವೇಗವಾಗಿ ಬರುವ ಸೈಕಲ್ ಅವುಗಳನ್ನು ಇದ್ದಕ್ಕಿದ್ದಂತೆ ಎದುರುಗೊಳ್ಳುವ ಸಾಧ್ಯತೆಯೇ ಹೆಚ್ಚು. ಅಂಥ ಕಡೆ ಮನಸ್ಸು ಬೇಡವೆನ್ನುತ್ತಿದ್ದರೆ ಅದು ಸರಿಯಾಗಿಯೇ ಹೇಳುತ್ತಿದೆ. ಈ ಬರಹದಲ್ಲಿ ನಾನು ಮುಂದೆ ಹೇಳುವುದೆಲ್ಲ ಅಂಥ ಅಪಾಯವಿಲ್ಲದ, ರಾತ್ರಿ ಸೈಕಲ್ ಓಡಿಸಲು ಅನುಮತಿಯಿರುವ ಕಾಡಿಗೆ ಮಾತ್ರ ಅನ್ವಯಿಸುತ್ತದೆ.

ಇಷ್ಟೆಲ್ಲ ಮಾಡಿಯೂ ಉಳಿಯುವುದು ಎರಡನೆಯ ಭಯ, ನನಗೆ ಹೆಚ್ಚು ಹೇಳಬೇಕೆನಿಸುವುದು ಅದರ ಬಗ್ಗೆಯೇ. ಅದು ಇಳಿಜಾರಿನಲ್ಲಿ ಬರುವುದು ಕಡಿಮೆ, ಅಲ್ಲಿ ಗಮನವೆಲ್ಲ ನೆಲದ ಮೇಲಿರುತ್ತದೆ. ಅದು ಬರುವುದು ಏರುದಾರಿಯಲ್ಲಿ. ನಡಿಗೆಗಿಂತ ತುಸು ಹೆಚ್ಚಿನ ವೇಗದಲ್ಲಿ, ಏದುಸಿರು ಬಿಡುತ್ತ, ಅತ್ತಿತ್ತ ಓಲಾಡುತ್ತ ಹತ್ತುವಾಗ ಬೆನ್ನಿನ ನಡುವೆ ಒಂದು ತಣ್ಣನೆಯ ಅರಿವು ಹುಟ್ಟುತ್ತದೆ. ಹಿಂತಿರುಗಿ ನೋಡಬೇಕೆನಿಸುತ್ತದೆ, ನೋಡಲು ಧೈರ್ಯ ಸಾಲದು. ನೋಡಿದರೂ ಪ್ರಯೋಜನವಿಲ್ಲ, ದೀಪ ಹಿಂದಕ್ಕೆ ತಿರುಗಿದ ಕ್ಷಣ ಮುಂದಿನದೆಲ್ಲ ಕತ್ತಲಾಗಿ ಭಯ ಅತ್ತ ಕಡೆಗೆ ಜಾಗ ಬದಲಿಸುತ್ತದೆ. ಈ ಕಾಡಿನಲ್ಲಿ ಹೆದರುವಂಥದ್ದು ಏನೂ ಇಲ್ಲ ಎಂದು ಬುದ್ಧಿಗೆ ಚೆನ್ನಾಗಿ ಗೊತ್ತಿರುತ್ತದೆ, ಆದರೆ ಎದೆಯ ಬಡಿತ ಬುದ್ಧಿಯ ಮಾತಿಗೆ ಕಿವಿಗೊಡುವುದಿಲ್ಲ.

ಇದನ್ನು ಮನೋದೌರ್ಬಲ್ಯ ಎಂದು ಬೈದುಕೊಳ್ಳುವವರಿಗೆ ಒಂದು ಪ್ರಯೋಗದ ವಿಷಯ ಹೇಳಬೇಕು. ಇದ್ದಕ್ಕಿದ್ದಂತೆ ದೊಡ್ಡ ಸದ್ದಾದಾಗ ನಾವು ಬೆಚ್ಚುತ್ತೇವೆ, ಆಗ ಕಣ್ಣು ತಾನಾಗಿ ಮಿಟುಕುತ್ತದೆ, ಆ ಮಿಟುಕು ಎಷ್ಟು ಬಲವಾಗಿದೆ ಎಂಬುದನ್ನು ಅಳೆಯಬಹುದು. ಮನಶ್ಶಾಸ್ತ್ರಜ್ಞ ಕ್ರಿಸ್ಟಿಯನ್ ಗ್ರಿಲ್ಲನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದೇ ಸದ್ದಿಗೆ ಮನುಷ್ಯರು ಬೆಳಕಿನಲ್ಲಿ ಬೆಚ್ಚಿದ್ದಕ್ಕಿಂತ ಕತ್ತಲಿನಲ್ಲಿ ಹೆಚ್ಚು ಬೆಚ್ಚಿದರು. ಇಲಿಗಳ ಮೇಲೆ ನಡೆದ ಇದೇ ಬಗೆಯ ಪ್ರಯೋಗಗಳಲ್ಲಿ ಫಲಿತಾಂಶ ತಿರುಗುಮುರುಗಾಯಿತು, ಇರುಳಿನ ಜೀವಿಗಳಾದ ಅವು ಪ್ರಖರ ಬೆಳಕಿನಲ್ಲೇ ಹೆಚ್ಚು ಬೆಚ್ಚಿದವು. ನಾವು ಕಣ್ಣನ್ನು ನಂಬಿ ಬದುಕುವ ಹಗಲಿನ ಪ್ರಾಣಿಗಳು, ಕಣ್ಣು ಕೆಲಸ ಮಾಡದ ಕಡೆ ಮೈ ತಾನಾಗಿ ಎಚ್ಚರದ ಮಟ್ಟವನ್ನು ಏರಿಸಿಕೊಳ್ಳುತ್ತದೆ. ಇದು ಗೊತ್ತಾದ ಮೇಲೆ ಭಯ ಕಡಿಮೆಯಾಯಿತು ಎಂದರೆ ಸುಳ್ಳಾದೀತು, ಆದರೆ ಭಯಪಟ್ಟಿದ್ದಕ್ಕೆ ನಾಚಿಕೊಳ್ಳುವುದು ತಪ್ಪಿತು. ಆ ನಾಚಿಕೆಯ ಭಾರ ಇಳಿದದ್ದೇ ದೊಡ್ಡ ಸಹಾಯವಾಯಿತು.

ಇನ್ನೊಂದು ಸಂಗತಿ ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಭಯದ ಒಂದು ಪಾಲನ್ನು ನಮ್ಮ ದೀಪವೇ ಹುಟ್ಟಿಸುತ್ತದೆ. ಏರುದಾರಿಯಲ್ಲಿ ಸೈಕಲ್ ನಿಧಾನವಾದಾಗ ಸಮತೋಲ ಕಾಯ್ದುಕೊಳ್ಳಲು ಹ್ಯಾಂಡಲ್ಲನ್ನು ಸಣ್ಣಗೆ ಎಡಕ್ಕೂ ಬಲಕ್ಕೂ ಆಡಿಸುತ್ತಲೇ ಇರಬೇಕು. ಹ್ಯಾಂಡಲ್ ಆಡಿದಂತೆ ದೀಪ ಆಡುತ್ತದೆ, ದೀಪ ಆಡಿದಂತೆ ದಾರಿಯ ಇಕ್ಕೆಲದ ಮರಗಳ ನೆರಳುಗಳೆಲ್ಲ ಒಟ್ಟಿಗೆ ಸರಿದಾಡುತ್ತವೆ. ನಮ್ಮ ಕಣ್ಣಿನ ಅಂಚು ವಿವರಗಳನ್ನು ಗುರುತಿಸುವುದರಲ್ಲಿ ಮಂದ, ಚಲನೆಯನ್ನು ಹಿಡಿಯುವುದರಲ್ಲಿ ಬಹಳ ಚುರುಕು. ಆದ್ದರಿಂದ ಮರದ ಮರೆಯಿಂದ ಏನೋ ಸರ್ರನೆ ಸರಿದಂತೆ ಮತ್ತೆ ಮತ್ತೆ ಅನಿಸುತ್ತದೆ. ಹಗ್ಗವನ್ನು ಹಾವೆಂದು ಭ್ರಮಿಸುವುದು ನಮಗೆ ಹಳೆಯ ಮಾತು, ಇಲ್ಲಿ ಆ ಹಗ್ಗವನ್ನು ಆಡಿಸುತ್ತಿರುವ ಕೈ ನಮ್ಮದೇ ಆಗಿರುತ್ತದೆ.

ದೀಪ ಪ್ರಖರವಾದಷ್ಟೂ ಅದರಾಚೆಯ ಕತ್ತಲು ದಟ್ಟವಾಗುತ್ತದೆ ಎಂಬುದೂ ನಿಜ. ಅಕ್ಷಿಪಟಲದಲ್ಲಿ ಬಣ್ಣ ಮತ್ತು ವಿವರಗಳನ್ನು ಕಾಣುವ ಶಂಕು ಕೋಶಗಳು ಸುಮಾರು 60 ಲಕ್ಷ, ಮಂದ ಬೆಳಕಿನಲ್ಲಿ ಕೆಲಸ ಮಾಡುವ ದಂಡ ಕೋಶಗಳು ಸುಮಾರು 12 ಕೋಟಿ. ಎಣಿಕೆಯಲ್ಲಿ ಇಷ್ಟು ಹೆಚ್ಚಿರುವ ದಂಡ ಕೋಶಗಳು ಪ್ರಖರ ಬೆಳಕು ಬಿದ್ದೊಡನೆ ಕೆಲಸ ನಿಲ್ಲಿಸುತ್ತವೆ, ಅವು ಮತ್ತೆ ಪೂರ್ತಿ ಚೇತರಿಸಿಕೊಳ್ಳಲು 20ರಿಂದ 30 ನಿಮಿಷ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೇಕು. ಸಾವಿರ ಲ್ಯುಮೆನ್ ಬೆಳಕನ್ನು ಹತ್ತಾರು ಮೀಟರ್ ದೂರದ ಎಲೆಗಳ ಮೇಲೆ ಚೆಲ್ಲಿಕೊಂಡು ಹೋಗುವವರಿಗೆ ಆ ಬೆಳಕಿನ ವೃತ್ತದ ಹೊರಗೆ ಏನೂ ಇಲ್ಲ, ಅಥವಾ ಏನು ಬೇಕಾದರೂ ಇರಬಹುದು. ಇದರ ಮದ್ದೆಂದು ಇನ್ನೂ ದೊಡ್ಡ ದೀಪ ತಂದವರನ್ನು ನಾನು ಬಲ್ಲೆ. ಆದರೆ ವೃತ್ತ ಎಷ್ಟು ಹಿಗ್ಗಿದರೂ ಅದಕ್ಕೊಂದು ಅಂಚು ಇದ್ದೇ ಇರುತ್ತದೆ, ಭಯ ವಾಸಿಸುವುದು ಆ ಅಂಚಿನಲ್ಲಿ.

ಸದ್ದುಗಳ ವಿಷಯವೂ ಹೀಗೆಯೇ. ಓಡುತ್ತಿರುವ ಸೈಕಲ್ ದೂರಕ್ಕೆ ಹೆಚ್ಚು ಕೇಳಿಸದಿದ್ದರೂ ಅದರ ಮೇಲಿರುವವರ ಕಿವಿಗೆ ಬಹಳ ಸದ್ದು ಮಾಡುತ್ತದೆ: ಪೆಡಲ್ ತುಳಿಯುವುದನ್ನು ನಿಲ್ಲಿಸಿದಾಗ ಹಿಂದಿನ ಚಕ್ರದ ನಡುವಿನ ಹಬ್‌ನಿಂದ ಕಟಕಟ ಸದ್ದು, ಟೈರಿನಿಂದ ಚಿಮ್ಮಿ ಫ್ರೇಮಿಗೆ ಬಡಿಯುವ ಸಣ್ಣ ಕಲ್ಲು, ಕಿವಿಯ ಬಳಿ ಗಾಳಿ, ನಮ್ಮದೇ ಉಸಿರು. ಇವುಗಳ ನಡುವೆ ಕಾಡಿನ ಸದ್ದು ತುಂಡುತುಂಡಾಗಿ ಮಾತ್ರ ಕೇಳುತ್ತದೆ, ಆ ತುಂಡುಗಳನ್ನು ಜೋಡಿಸಿ ಕಥೆ ಕಟ್ಟುವ ಕೆಲಸವನ್ನು ಹೆದರಿದ ಮನಸ್ಸು ಬಹಳ ಉತ್ಸಾಹದಿಂದ ಮಾಡುತ್ತದೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಗಳಲ್ಲಿ ನೆಲದ ಹತ್ತಿರದ ಗಾಳಿ ಮೇಲಿನ ಗಾಳಿಗಿಂತ ತಣ್ಣಗಾಗುವುದರಿಂದ ಸದ್ದು ಮೇಲಕ್ಕೆ ಹೋಗಿ ಕಳೆದುಹೋಗದೆ ನೆಲದತ್ತ ಬಾಗಿ ದೂರದವರೆಗೆ ಹರಿಯುತ್ತದೆ. ಎಲ್ಲೋ ಬಹಳ ದೂರದಲ್ಲಿ ಬೊಗಳಿದ ನಾಯಿ ಮುಂದಿನ ತಿರುವಿನಲ್ಲೇ ಇರುವಂತೆ ಕೇಳುವುದಕ್ಕೆ ಇದು ಕಾರಣ. ಒಣಗಿದ ಎಲೆಗಳ ಮೇಲೆ ಓಡುವ ಇಲಿಯೊಂದು ತನ್ನ ಗಾತ್ರಕ್ಕೆ ಹೋಲಿಸಿದರೆ ನಂಬಲಾಗದಷ್ಟು ಸದ್ದು ಮಾಡಬಲ್ಲದು. ಸೈಕಲ್ ಮೇಲಿರುವಾಗ ಇದನ್ನು ಎಷ್ಟು ಓದಿಕೊಂಡಿದ್ದರೂ ನೆನಪಾಗುವುದಿಲ್ಲ.

ಭಯಕ್ಕೆ ಮೈ ಕೊಡುವ ಉತ್ತರ ಓಟ. ಪೆಡಲ್‌ಗಳ ಮೇಲೆ ಎದ್ದುನಿಂತು, ಎದೆ ಒಡೆಯುವಂತೆ ತುಳಿದು, ಆ ಜಾಗವನ್ನು ದಾಟಿಬಿಡುವುದು. ರಾತ್ರಿ ಓಡಿಸುವವರೆಲ್ಲರಿಗೂ ಈ ಓಟ ಪರಿಚಿತವೆಂದು ನನ್ನ ನಂಬಿಕೆ. ಅದರಿಂದ ಎರಡು ಕೇಡುಗಳಿವೆ. ಒಂದು ತಕ್ಷಣದ್ದು. ಹೆದರಿದ ಮೈ ಬಿಗಿಯುತ್ತದೆ, ಮೊಣಕೈಗಳು ನೆಟ್ಟಗಾಗುತ್ತವೆ, ಭಾರ ಹಿಂದಕ್ಕೆ ಸರಿದು ಮುಂದಿನ ಚಕ್ರದ ಹಿಡಿತ ತಪ್ಪುತ್ತದೆ, ದೃಷ್ಟಿ ದೂರದ ದಾರಿಯನ್ನು ಬಿಟ್ಟು ಚಕ್ರದ ಮುಂದಿನ ಒಂದೆರಡು ಮೀಟರಿಗೆ ಕುಗ್ಗುತ್ತದೆ. ಎಲ್ಲಿಗೆ ನೋಡುತ್ತೇವೋ ಅಲ್ಲಿಗೇ ಸೈಕಲ್ ಹೋಗುತ್ತದೆ ಎಂಬುದು ಸವಾರರೆಲ್ಲರೂ ಬಲ್ಲ ನಿಯಮ, ಹೆದರಿದ ಕಣ್ಣು ಮಾತ್ರ ತಪ್ಪಿಸಿಕೊಳ್ಳಬೇಕಾದ ಕಲ್ಲನ್ನೇ ದಿಟ್ಟಿಸುತ್ತದೆ. ಹೀಗೆ ಲೆಕ್ಕಕ್ಕೆ ಸಿಗದ ಭಯ ಲೆಕ್ಕಕ್ಕೆ ಸಿಗುವ ಅಪಾಯವನ್ನು ತಂದೊಡ್ಡುತ್ತದೆ.

ಎರಡನೆಯ ಕೇಡು ನಿಧಾನದ್ದು, ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ದೊಡ್ಡದು. ಓಡಿ ಪಾರಾದಾಗ ಸಿಗುವ ಸಮಾಧಾನ ಬಹಳ ಸಿಹಿಯಾದದ್ದು. ಮನಸ್ಸು ಆ ಸಮಾಧಾನದ ಕಾರಣವನ್ನು ಹುಡುಕಿ, ಓಡಿದ್ದರಿಂದ ಬದುಕಿದೆ ಎಂದು ಬರೆದಿಟ್ಟುಕೊಳ್ಳುತ್ತದೆ. ಅಲ್ಲಿ ಏನೂ ಇರಲಿಲ್ಲ ಎಂಬುದನ್ನು ತಿಳಿದುಕೊಳ್ಳುವ ಅವಕಾಶ ಅದಕ್ಕೆ ಸಿಗುವುದೇ ಇಲ್ಲ. ಮನಶ್ಶಾಸ್ತ್ರಜ್ಞ ಮೌರರ್ 1947ರಲ್ಲಿ ಮಂಡಿಸಿದ ಸಿದ್ಧಾಂತದ ತಿರುಳು ಇದು: ಭಯ ಹುಟ್ಟುವುದು ಒಂದು ಬಗೆಯ ಕಲಿಕೆಯಿಂದ, ಅದು ಉಳಿದುಕೊಳ್ಳುವುದು ಇನ್ನೊಂದು ಬಗೆಯ ಕಲಿಕೆಯಿಂದ, ಅಂದರೆ ತಪ್ಪಿಸಿಕೊಂಡಾಗಲೆಲ್ಲ ಸಿಗುವ ನೆಮ್ಮದಿಯಿಂದ. ಪ್ರತಿ ವಾರವೂ ತಪ್ಪದೆ ರಾತ್ರಿ ಸವಾರಿ ಮಾಡಿಯೂ ವರ್ಷಗಟ್ಟಲೆ ಅದೇ ತಿರುವಿನಲ್ಲಿ ಅಷ್ಟೇ ಹೆದರುವವರು ಇರುವುದು ಈ ಕಾರಣಕ್ಕೆ. ಅವರು ಕತ್ತಲನ್ನು ರೂಢಿ ಮಾಡಿಕೊಳ್ಳುತ್ತಿಲ್ಲ, ಓಡುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದಾರೆ. ಕಿವಿಗೆ ಹಾಡು ಹಾಕಿಕೊಳ್ಳುವುದೂ ನನ್ನ ಮಟ್ಟಿಗೆ ಓಟದ ಇನ್ನೊಂದು ರೂಪವೇ, ಜೊತೆಗೆ ಕೇಳಬೇಕಾದ ಸದ್ದನ್ನೂ ಅದು ಮುಚ್ಚುತ್ತದೆ.

ಆದ್ದರಿಂದ ನಿಲ್ಲಬೇಕು. ನಿಲ್ಲುವುದನ್ನು ನಾನು ಕಾಡಿನ ಅಂಚಿನಿಂದ, ಹೊರಗಿನ ರಸ್ತೆ ಇನ್ನೂ ಕಾಣುವಷ್ಟು ಹತ್ತಿರದಿಂದ ಆರಂಭಿಸಿದೆ, ಅಲ್ಲಿ ಅದು ಸುಲಭವಾದ ಮೇಲೆ ಸ್ವಲ್ಪ ಒಳಗೆ, ಮತ್ತೂ ಸ್ವಲ್ಪ ಒಳಗೆ ಜರುಗಿಸಿದೆ. ಹೀಗೆ ಹಂತಹಂತವಾಗಿ ಹತ್ತಿರವಾಗುವುದರಲ್ಲಿ ಹೊಸತೇನಿಲ್ಲ. 1924ರಲ್ಲಿಯೇ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ, ಮೊಲವನ್ನು ಕಂಡರೆ ಬೆದರುತ್ತಿದ್ದ ಸುಮಾರು ಮೂರು ವರ್ಷದ ಮಗುವೊಂದರ ಬಳಿಗೆ, ಅದು ಇಷ್ಟದ ತಿಂಡಿ ತಿನ್ನುತ್ತಿರುವಾಗ, ಮೊಲವನ್ನು ದೂರದಿಂದ ಇಷ್ಟಿಷ್ಟೇ ಹತ್ತಿರ ತಂದು ಕೊನೆಗೆ ಮಗು ಅದನ್ನು ಮುಟ್ಟಿ ಆಡುವಂತೆ ಮಾಡಿದ್ದರು. ಒತ್ತಾಯವಿಲ್ಲದ ಆ ನಿಧಾನಗತಿ ದೊಡ್ಡವರಿಗೂ ಬೇಕು. ಮೊದಲ ರಾತ್ರಿಯೇ ಕಾಡಿನ ನಡುಮಧ್ಯಕ್ಕೆ ಹೋಗಿ ದೀಪ ಆರಿಸಿ ನಿಲ್ಲುತ್ತೇನೆಂದು ಹೊರಟರೆ ಓಡಿಬರುವ ಸಾಧ್ಯತೆಯೇ ಹೆಚ್ಚು, ಓಡಿಬಂದರೆ ಕಲಿತದ್ದು ಓಟವನ್ನೇ.

ನಿಲ್ಲುವ ಕ್ರಮ ಹೀಗೆ. ಸಮತಟ್ಟಾದ, ದಾರಿಯಿಂದ ಒಂದಿಷ್ಟು ಸರಿದ ಜಾಗದಲ್ಲಿ ಇಳಿದು, ಸೈಕಲ್ಲನ್ನು ತೊಡೆಗೆ ಒರಗಿಸಿಕೊಂಡು, ದೀಪದ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ಎರಡೂ ದೀಪಗಳನ್ನು ಆರಿಸುತ್ತೇನೆ. ಮೊದಲ ಕೆಲವು ಕ್ಷಣಗಳು ಅತ್ಯಂತ ಕಠಿಣವಾದವು. ಕಣ್ಣಿನಲ್ಲಿ ದೀಪದ ಹಸಿರುಗಪ್ಪು ಕಲೆ ತೇಲುತ್ತಿರುತ್ತದೆ, ಅದರಾಚೆ ಏನೂ ಕಾಣದು. ಎದೆ ಡವಗುಟ್ಟುವುದು ಕಿವಿಯಲ್ಲಿಯೇ ಕೇಳುತ್ತದೆ. ಕಾದ ಬ್ರೇಕ್ ಡಿಸ್ಕ್ ತಣ್ಣಗಾಗುತ್ತ ಟಿಣ್, ಟಿಣ್ ಎಂದು ಬಹಳ ಸಣ್ಣಗೆ ಸದ್ದು ಮಾಡುತ್ತದೆ, ಎರಡು ಸದ್ದುಗಳ ನಡುವಿನ ಅಂತರ ಹಿಗ್ಗುತ್ತ ಹೋಗಿ ಆಮೇಲೆ ನಿಂತೇಹೋಗುತ್ತದೆ. ಆ ಹೊತ್ತಿಗೆ ಉಸಿರನ್ನು ಹತೋಟಿಗೆ ತಂದುಕೊಳ್ಳಲು ಸಾಧ್ಯವಾಗುತ್ತದೆ. ಒಳಗೆ ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದು ಹೊರಗೆ ಬಿಡಬೇಕು. ಉಸಿರು ಬಿಡುವಾಗ ಹೃದಯದ ಬಡಿತ ಸಹಜವಾಗಿಯೇ ನಿಧಾನವಾಗುತ್ತದೆ, ಬಿಡುವ ಉಸಿರನ್ನು ಉದ್ದವಾಗಿಸಿದರೆ ಆ ನಿಧಾನಕ್ಕೆ ಹೆಚ್ಚು ಅವಕಾಶ ಸಿಗುತ್ತದೆ.

ಇನ್ನೊಂದು ಅಭ್ಯಾಸ ಮಾತಾಡುವುದು. ನನಗೀಗ ಭಯವಾಗುತ್ತಿದೆ, ಬಲಗಡೆ ಪೊದೆಯಲ್ಲಿ ಸದ್ದಾಯಿತು, ಅದು ಏನೆಂದು ನನಗೆ ಗೊತ್ತಿಲ್ಲ, ನನ್ನ ಕೈ ನಡುಗುತ್ತಿದೆ ಎಂದು ಇದ್ದದ್ದನ್ನು ಇದ್ದಂತೆ ಸಾಮಾನ್ಯ ದನಿಯಲ್ಲಿ ಹೇಳಿಕೊಳ್ಳುವುದು. ಭಯವಿಲ್ಲ, ಭಯವಿಲ್ಲ ಎಂದು ಜಪಿಸುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅನುಭವ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜೇಡಕ್ಕೆ ಹೆದರುವವರನ್ನು ಜೀವಂತ ಜೇಡದ ಬಳಿಗೆ ಕರೆದೊಯ್ದು, ಕೆಲವರಿಗೆ ತಮಗಾಗುತ್ತಿರುವ ಭಯವನ್ನು ಮಾತಿನಲ್ಲಿ ಹೇಳಲು, ಕೆಲವರಿಗೆ ಜೇಡ ಅಪಾಯಕಾರಿಯಲ್ಲ ಎಂದು ಯೋಚಿಸಲು, ಮತ್ತೆ ಕೆಲವರಿಗೆ ಸಂಬಂಧವಿಲ್ಲದ ವಿಷಯ ಮಾತಾಡಲು ಹೇಳಿದ್ದರು. ಒಂದು ವಾರದ ಬಳಿಕ ಮತ್ತೆ ಪರೀಕ್ಷಿಸಿದಾಗ, ಚರ್ಮದ ಬೆವರಿನ ಪ್ರತಿಕ್ರಿಯೆಯಿಂದ ಅಳೆದ ಭಯ ತಮ್ಮ ಭಯವನ್ನು ಮಾತಿನಲ್ಲಿ ಹೇಳಿದವರಲ್ಲಿ ಉಳಿದವರಿಗಿಂತ ಕಡಿಮೆಯಿತ್ತು. ಕಾಡಿನಲ್ಲಿ ಮಾತಿಗೆ ಇನ್ನೊಂದು ಉಪಯೋಗವೂ ಇದೆ, ಸುತ್ತಲಿನ ಪ್ರಾಣಿಗಳಿಗೆ ಮನುಷ್ಯ ಇಲ್ಲಿದ್ದಾನೆಂದು ತಿಳಿಯುತ್ತದೆ, ಅವು ಬೇಕಾದರೆ ದೂರ ಸರಿಯಬಹುದು.

ನಿಮಿಷಗಳು ಕಳೆದಂತೆ ಕಾಡು ನಿಧಾನವಾಗಿ ತೆರೆದುಕೊಳ್ಳುತ್ತದೆ. ಮೊದಲು ಮೇಲಿನ ಕೊಂಬೆಗಳ ನಡುವೆ ಆಕಾಶ ಬೇರ್ಪಡುತ್ತದೆ, ಅಮಾವಾಸ್ಯೆಯಲ್ಲೂ ಆಕಾಶ ಮರಗಳಷ್ಟು ಕಪ್ಪಲ್ಲ. ಆಮೇಲೆ ದಾರಿ ಕಾಣುತ್ತದೆ, ತುಳಿದು ನುಣುಪಾದ ಮಣ್ಣು ಸುತ್ತಲಿನ ಎಲೆಗಳಿಗಿಂತ ತುಸು ಬೆಳ್ಳಗೆ. ಏನನ್ನಾದರೂ ಗುರುತಿಸಬೇಕಿದ್ದರೆ ಅದನ್ನೇ ನೇರವಾಗಿ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡಬೇಕು, ದೃಷ್ಟಿಯ ನಟ್ಟನಡುವೆ ದಂಡ ಕೋಶಗಳೇ ಇಲ್ಲದಿರುವುದರಿಂದ ಕತ್ತಲಲ್ಲಿ ದಿಟ್ಟಿಸಿದ ವಸ್ತು ಮಾಯವಾಗುತ್ತದೆ. ಈ ಒಂದು ಸಂಗತಿ ತಿಳಿಯದೆ, ನೋಡಿದೊಡನೆ ಕಣ್ಮರೆಯಾದ ಆಕೃತಿಗಳಿಗೆ ಎಷ್ಟು ಜನ ಹೆದರಿರಬಹುದೋ. ಗಡಿಯಾರವನ್ನೋ ನಕ್ಷೆಯನ್ನೋ ನೋಡಬೇಕಿದ್ದರೆ ಮಂದವಾದ ಕೆಂಪು ದೀಪ ಬಳಸಬೇಕು, ದಂಡ ಕೋಶಗಳು ಕೆಂಪು ಬೆಳಕಿಗೆ ಅಷ್ಟಾಗಿ ಸ್ಪಂದಿಸುವುದಿಲ್ಲವಾದ್ದರಿಂದ ಕಣ್ಣು ಕತ್ತಲಿಗೆ ಹೊಂದಿಕೊಂಡದ್ದು ಕೆಡುವುದಿಲ್ಲ.

ಎಷ್ಟು ಹೊತ್ತು ನಿಲ್ಲಬೇಕು ಎಂದು ಗಡಿಯಾರ ನೋಡಿ ನಿರ್ಧರಿಸುವುದು ಸರಿಯಲ್ಲ. ಭಯ ಏರುತ್ತಿರುವಾಗ ಹೊರಡಬಾರದು, ಅದು ಇಳಿಯತೊಡಗಿದ್ದು ಸ್ಪಷ್ಟವಾಗಿ ಅನುಭವಕ್ಕೆ ಬಂದ ಮೇಲೆ ಹೊರಡಬೇಕು, ಇಷ್ಟೇ ನಾನು ಪಾಲಿಸುವ ನಿಯಮ. ಇಳಿದೇ ಇಳಿಯುತ್ತದೆ. ಮೈ ಆ ಮಟ್ಟದ ಕಳವಳವನ್ನು ಬಹಳ ಹೊತ್ತು ಹೊತ್ತುಕೊಂಡಿರಲಾರದು. ಇಳಿದಾಗ ಬರುವುದು ಗೆದ್ದೆನೆಂಬ ಉತ್ಸಾಹವಲ್ಲ, ಒಂದು ಬಗೆಯ ಸಾಧಾರಣ ಭಾವನೆ: ಇದೊಂದು ಕಾಡು, ಇದು ರಾತ್ರಿ, ನಾನು ಇಲ್ಲಿ ನಿಂತಿದ್ದೇನೆ. ಕಾಲಿಗೆ ಚಳಿಯಾಗುತ್ತಿದೆ ಎಂಬುದು ಗಮನಕ್ಕೆ ಬಂದರೆ ಭಯ ಇಳಿದಿದೆ ಎಂದೇ ತಿಳಿಯಬಹುದು.

ದೀಪದ ಬೆಳಕಿಗೆ ಎದುರಾಗುವ ಕಣ್ಣುಗಳ ಬಗ್ಗೆ ಹೇಳದೆ ಮುಂದೆ ಹೋಗಲಾರೆ, ಎಂಥವರ ಎದೆಯನ್ನೂ ಝಲ್ಲೆನಿಸುವುದು ಅವು. ಜಿಂಕೆ, ಬೆಕ್ಕು, ನಾಯಿ, ನರಿ ಮುಂತಾದ ಪ್ರಾಣಿಗಳ ಅಕ್ಷಿಪಟಲದ ಹಿಂದೆ ಬೆಳಕನ್ನು ಮರಳಿಸುವ ಒಂದು ಪದರವಿದೆ, ಒಳಹೊಕ್ಕ ಬೆಳಕು ಎರಡನೆಯ ಸಲ ಕೋಶಗಳನ್ನು ಹಾಯುವುದರಿಂದ ಅವುಗಳಿಗೆ ಮಂದ ಬೆಳಕಿನಲ್ಲೂ ಚೆನ್ನಾಗಿ ಕಾಣುತ್ತದೆ. ಮನುಷ್ಯರಿಗೆ ಆ ಪದರವಿಲ್ಲ. ಹೆಲ್ಮೆಟ್ ದೀಪ ನಮ್ಮ ಕಣ್ಣಿನ ಸಾಲಿನಲ್ಲೇ ಇರುವುದರಿಂದ ಆ ಹೊಳಪು ನೇರವಾಗಿ ನಮಗೇ ಮರಳುತ್ತದೆ. ಮೈ ಕಾಣದೆ ಬರೀ ಎರಡು ಹಸಿರು ಚುಕ್ಕಿಗಳು ಕಂಡಾಗ ಎಂಥ ಗಾತ್ರವನ್ನಾದರೂ ಊಹಿಸಿಕೊಳ್ಳಬಹುದು. ಅಂಥ ಹೊತ್ತಿನಲ್ಲಿ ನಿಂತು, ದೀಪವನ್ನು ಮಂದಗೊಳಿಸಿ, ಕಾದು ನೋಡಿದರೆ ಚುಕ್ಕಿಗಳ ಸುತ್ತ ಮೆಲ್ಲಗೆ ಕಿವಿಗಳು ಮೂಡುತ್ತವೆ, ಕತ್ತು ಮೂಡುತ್ತದೆ, ಜಿಂಕೆ ಮೆಲುಕಾಡುವುದನ್ನು ಒಂದು ಗಳಿಗೆ ನಿಲ್ಲಿಸಿ ನಮ್ಮನ್ನೇ ನೋಡುತ್ತಿರುತ್ತದೆ. ನೆಲದ ಎಲೆಗಳ ನಡುವೆ ಇಬ್ಬನಿಯ ಹನಿಗಳಂತೆ ಹೊಳೆಯುವ ಒಂಟಿ ಚುಕ್ಕಿಗಳಿಗೆ ಬಗ್ಗಿ ನೋಡಿದರೆ ಬಹಳ ಸಲ ಅವು ಬೇಟೆಗೆ ಕುಳಿತ ಜೇಡಗಳ ಕಣ್ಣು. ಕೆಲವು ಜಾತಿಯ ಇರುಳು ಹಕ್ಕಿಗಳು ದಾರಿಯ ಮಣ್ಣಿನ ಮೇಲೆಯೇ ಕುಳಿತಿದ್ದು ಚಕ್ರ ಹತ್ತಿರವಾದಾಗ ಕೆಂಪು ಕಣ್ಣು ಮಿನುಗಿಸಿ ಮೇಲೇಳುತ್ತವೆ. ಒಂದೊಂದು ಜೊತೆ ಕಣ್ಣಿಗೂ ಒಂದು ಮೈ ಸಿಕ್ಕಂತೆಲ್ಲ ಹೆಸರಿಲ್ಲದ ಭಯಕ್ಕೆ ಉಳಿಯುವ ಜಾಗ ಕಿರಿದಾಗುತ್ತದೆ.

ಒಮ್ಮೆ ಇಳಿದ ಭಯ ಅಲ್ಲಿಗೆ ಮುಗಿಯುತ್ತದೆಯೇ ಎಂದರೆ, ಇಲ್ಲ. ಭಯ ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸ ಕಲಿಕೆಯೊಂದು ಕೂರುತ್ತದೆ, ಆ ಹೊಸ ಕಲಿಕೆ ತಾನು ಹುಟ್ಟಿದ ಸಂದರ್ಭಕ್ಕೆ ಬಹಳ ಅಂಟಿಕೊಂಡಿರುತ್ತದೆ ಎಂಬುದನ್ನು ಮಾರ್ಕ್ ಬೌಟನ್ ಮೊದಲಾದ ಸಂಶೋಧಕರ ಪ್ರಯೋಗಗಳು ಚೆನ್ನಾಗಿ ತೋರಿಸಿಕೊಟ್ಟಿವೆ. ಹಗಲಿನ ಪರಿಚಯ ರಾತ್ರಿಗೆ ಪೂರ್ತಿ ವರ್ಗಾವಣೆಯಾಗದಿರುವುದಕ್ಕೆ ಇದು ಕಾರಣ. ಬೇಸಿಗೆಯಲ್ಲಿ ನಿರಾಳವಾಗಿ ದಾಟುತ್ತಿದ್ದ ತೋಪು, ಎಲೆ ಉದುರಿ ಗಾಳಿ ಬೇರೆ ದನಿಯಲ್ಲಿ ಬೀಸುವ ಕಾಲಕ್ಕೆ ಮತ್ತೆ ಅಪರಿಚಿತವಾಗುತ್ತದೆ. ಕೆಲವು ವಾರ ಬಿಡುವು ಕೊಟ್ಟು ಹೋದರೆ ಹಳೆಯ ತಿರುವು ಹಳೆಯ ಹಾಗೆಯೇ ಮೈ ನವಿರೇಳಿಸುತ್ತದೆ. ಹೀಗಾದಾಗ ಎಲ್ಲವೂ ವ್ಯರ್ಥವಾಯಿತೆಂದು ಎದೆಗುಂದಬೇಕಾಗಿಲ್ಲ, ಎರಡನೆಯ ಸಲ ಭಯ ಮೊದಲಿಗಿಂತ ಬೇಗ ಇಳಿಯುತ್ತದೆ. ಬೇರೆ ಬೇರೆ ಜಾಗಗಳಲ್ಲಿ, ಬೇರೆ ಬೇರೆ ಋತುಗಳಲ್ಲಿ, ಬೆಳದಿಂಗಳಲ್ಲೂ ಅಮಾವಾಸ್ಯೆಯಲ್ಲೂ ನಿಂತು ಅಭ್ಯಾಸವಾದಷ್ಟೂ ಒಳ್ಳೆಯದು. ಗುಂಪಿನ ಜೊತೆ ರಾತ್ರಿ ಓಡಿಸುವುದು ಬೇರೆ ಎಲ್ಲ ರೀತಿಯಿಂದಲೂ ಒಳ್ಳೆಯ ಅಭ್ಯಾಸ, ಕತ್ತಲಲ್ಲಿ ಸೈಕಲ್ ನಡೆಸುವ ಕೌಶಲವನ್ನು ಅಲ್ಲಿಯೇ ಕಲಿಯಬೇಕು. ಆದರೆ ಅಲ್ಲಿ ಗಳಿಸಿದ ಧೈರ್ಯದಲ್ಲಿ ಹೆಚ್ಚಿನ ಪಾಲು ಜೊತೆಗಾರರದ್ದು, ಒಂಟಿಯಾದ ರಾತ್ರಿ ಅದು ನಮ್ಮ ಜೊತೆ ಬರುವುದಿಲ್ಲ.

ಹಾಗಾದರೆ ಎಂದೂ ಹಿಂತಿರುಗಲೇಬಾರದೇ ಎಂದು ಕೇಳಬಹುದು. ಹಿಂತಿರುಗಬೇಕು, ಸಂಕೋಚವಿಲ್ಲದೆ ಹಿಂತಿರುಗಬೇಕು. ದೀಪ ಮಿಣುಕಿದರೆ, ಮಳೆ ಬಂದರೆ, ಮೈ ದಣಿದಿದ್ದರೆ, ಮನುಷ್ಯರ ಅನುಮಾನಾಸ್ಪದ ಓಡಾಟ ಕಂಡರೆ, ದೊಡ್ಡ ಪ್ರಾಣಿಯ ಹೊಸ ಹೆಜ್ಜೆಗುರುತು ಕಂಡರೆ ತಿರುಗಿ ಹೊರಡುವುದೇ ವಿವೇಕ. ಮನಸ್ಸು ಯಾಕೋ ಒಪ್ಪುತ್ತಿಲ್ಲ ಎನ್ನುವಷ್ಟು ಕಾರಣವೂ ಸಾಕು. ನಾನು ಮಾಡುವ ವ್ಯತ್ಯಾಸ ಒಂದೇ: ಹಿಂತಿರುಗಲು ತೀರ್ಮಾನಿಸಿದ ಮೇಲೂ ಒಂದೆರಡು ನಿಮಿಷ ನಿಂತು, ಉಸಿರು ಸಮಸ್ಥಿತಿಗೆ ಬಂದ ಮೇಲೆ, ಬಂದ ವೇಗದಲ್ಲಿಯೇ ಮರಳುತ್ತೇನೆ. ತಕ್ಷಣವೇ ಜಾಗ ಬಿಡಬೇಕಾದ ನಿಜವಾದ ಅಪಾಯ ಕಣ್ಣೆದುರು ಇದ್ದರೆ ಮಾತ್ರ ಈ ನಿಯಮಕ್ಕೆ ರಿಯಾಯಿತಿ.

ಭಯ ಕಡಿಮೆಯಾದ ಮೇಲೆ ನನ್ನ ಸವಾರಿಯಲ್ಲಿ ಆದ ಬದಲಾವಣೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ದೀಪದ ಬಳಕೆಯದ್ದು. ಏರುದಾರಿಯುದ್ದಕ್ಕೂ ಹೆಲ್ಮೆಟ್ ದೀಪವನ್ನು ಪೂರ್ತಿ ಆರಿಸಿ, ಹ್ಯಾಂಡಲ್ ದೀಪವನ್ನು ಅತ್ಯಂತ ಕಡಿಮೆ ಮಟ್ಟದಲ್ಲಿಟ್ಟು, ಅದರ ಮುಖವನ್ನು ಚಕ್ರದ ಮುಂದಿನ ನೆಲದತ್ತ ಬಾಗಿಸಿಕೊಳ್ಳುತ್ತೇನೆ. ಆ ವೇಗಕ್ಕೆ ಅಷ್ಟು ಬೆಳಕು ಧಾರಾಳ. ನೆರಳುಗಳು ಮರಗಳ ಮೇಲೆ ಹತ್ತುವುದಿಲ್ಲ, ಬೆಳಕಿನ ವೃತ್ತದ ಹೊರಗೂ ಕಣ್ಣಿಗೆ ಒಂದಿಷ್ಟು ಕಾಣುತ್ತದೆ, ದಾರಿಬದಿಯಲ್ಲಿ ಮೇಯುವ ಜಿಂಕೆಗಳು ಕಣ್ಣು ಕೋರೈಸಿ ದಿಕ್ಕೆಟ್ಟು ನುಗ್ಗುವುದಿಲ್ಲ. ತುದಿ ತಲುಪಿದ ಮೇಲೆ ಬ್ಯಾಟರಿಯಲ್ಲಿ ಉಳಿದ ಶಕ್ತಿಯೆಲ್ಲ ಇಳಿಜಾರಿಗೆ ಸಿಗುತ್ತದೆ, ಎರಡೂ ದೀಪಗಳು ನಿಜವಾಗಿ ಬೇಕಾಗುವುದು ಅಲ್ಲಿಯೇ.